ಮೊಹರಿನೊಳಗಿನ ಅತ್ತೆ

ಗ್ಯಾರೇಜಿನಲ್ಲಿ ಅವಳನ್ನು ಚಿಕ್ಕಮ್ಮ ಎಂದು ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಒಬ್ಬನಿಗೇ. ತಂಡದ ರೇಸ್ ಕಾರು ಓಡಿಸುವ ಪುಟ್ಟ, ಅವಳ ಅಕ್ಕನ ಮಗ. ಆದರೆ ತಂಡಕ್ಕೆ ಸೇರಿದ ಮೊದಲ ದಿನವೇ ಅವನು ಗ್ಯಾರೇಜಿನ ಆ ತುದಿಯಿಂದ “ಚಿಕ್ಕಮ್ಮಾ, ನನ್ನ ಹೆಲ್ಮೆಟ್ ಎಲ್ಲಿ?” ಎಂದು ಕೂಗಿದ್ದೇ ಕೂಗಿದ್ದು, ಟೈರು ಬದಲಿಸುವವರಿಂದ ಹಿಡಿದು ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರಾದ ಯಜಮಾನರ ತನಕ ಎಲ್ಲರಿಗೂ ಅವಳು ಚಿಕ್ಕಮ್ಮನಾಗಿಬಿಟ್ಟಳು. ಮುಖ್ಯ ಇಂಜಿನ್ ಇಂಜಿನಿಯರ್ ಎಂಬ ಹುದ್ದೆ ಅಂಗಿಯ ಮೇಲೆ ಹೊಲಿದ ಅಕ್ಷರಗಳಲ್ಲಷ್ಟೇ ಉಳಿಯಿತು. ಪುಟ್ಟನೂ ಈಗ ಹೆಸರಿಗೆ ಮಾತ್ರ ಪುಟ್ಟ. ಆರಡಿಯ ಆಳು, ಕಾರಿನೊಳಗೆ ಇಳಿಯಬೇಕಾದರೆ ಮಂಡಿ ಮಡಚಲು ಜಾಗ ಸಾಲದೆ ಒದ್ದಾಡುತ್ತಾನೆ.

ಇಂಜಿನ್‌ಗಳಿಗೆ ಹೆಸರಿಡುವ ಚಾಳಿ ಹಚ್ಚಿದವನೂ ಅವನೇ. ನಿಯಮದ ಪ್ರಕಾರ ವರ್ಷವಿಡೀ ಒಂದು ಕಾರಿಗೆ ಮೂರೇ ಇಂಜಿನ್. ಆ ವರ್ಷದ ಮೊದಲನೆಯದಕ್ಕೆ ಅಜ್ಜಿ ಎಂದು ಹೆಸರಿಟ್ಟ. ಅದು ಮೂರನೆಯ ಓಟದಲ್ಲೇ ಏದುಸಿರು ಬಿಡುತ್ತ ನಡುದಾರಿಯಲ್ಲಿ ಕೂತುಬಿಟ್ಟಿತು. ಎರಡನೆಯದು ನಾದಿನಿ. ಯಾರದೋ ಇಬ್ಬರ ಜಗಳದ ನಡುವೆ ಸಿಕ್ಕಿ ಗೋಡೆಗೆ ಬಡಿದು ಹೋಯಿತು. ಮೂರನೆಯದು ಅತ್ತೆ. ಬೆಳಗ್ಗೆ ಎಬ್ಬಿಸಿದ ಕೂಡಲೇ ಸಿಡಿಮಿಡಿ, ಗೊಣಗಾಟ, ಕೆಮ್ಮು. ಒಮ್ಮೆ ಬಿಸಿಯಾದಳೆಂದರೆ ಮಾತ್ರ ಇಡೀ ಸಂಸಾರವನ್ನು ಒಬ್ಬಳೇ ಎಳೆಯುವವಳು. ಅತ್ತೆ ಬಂದ ಮೇಲೆ ಪುಟ್ಟ ಗೆಲ್ಲತೊಡಗಿದ. ವರ್ಷದ ಕೊನೆಯ ಎರಡು ಓಟಗಳು ಬಾಕಿ ಇರುವಾಗ ಅವನು ವರ್ಷದ ಚಾಂಪಿಯನ್ ಪಟ್ಟದ ಲೆಕ್ಕದಲ್ಲಿ ಎದುರಾಳಿ ತಂಡದ ಹಳದಿ ಕಾರಿನವನಿಗಿಂತ ಹನ್ನೊಂದು ಅಂಕ ಮುಂದಿದ್ದ.

ಲಾರಿಯೊಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ಹೊಚ್ಚಹೊಸ ಇಂಜಿನ್ ಇತ್ತು. ಅದರ ಹೆಸರು ಸೊಸೆ ಎಂದು ಬೇರೆ ಹೇಳಬೇಕಿಲ್ಲ. ಸೊಸೆಯನ್ನು ಕರೆತಂದರೆ ದಂಡ ತೆರಬೇಕು, ಅಂದರೆ ಆ ಓಟದಲ್ಲಿ ಎಲ್ಲ ಕಾರುಗಳ ಹಿಂದೆ, ಕೊನೆಯಲ್ಲಿ ನಿಂತು ಹೊರಡಬೇಕು. ಹಾಗೆಂದು ಅತ್ತೆಯ ಹೊಟ್ಟೆಯೊಳಗೆ ಏನಾಗಿದೆ ಎಂದು ಬಿಚ್ಚಿ ನೋಡುವ ಹಾಗೂ ಇರಲಿಲ್ಲ. ಪ್ರತಿ ಇಂಜಿನ್‌ಗೂ ಸಂಘಟಕರು ತಂತಿ ಬಿಗಿದು ಸೀಸದ ಮೊಹರು ಒತ್ತಿರುತ್ತಾರೆ. ಅದನ್ನು ಒಡೆದರೆ ಆ ಇಂಜಿನ್‌ನ ಕತೆ ಅಲ್ಲಿಗೆ ಮುಗಿಯಿತು.

ಬಿಚ್ಚಲಾಗದ ಇಂಜಿನ್‌ನ ಯೋಗಕ್ಷೇಮ ತಿಳಿಯಲು ಚಿಕ್ಕಮ್ಮನದೇ ಒಂದು ಪದ್ಧತಿ ಇತ್ತು. ಎಣ್ಣೆ ಹೊರಬಿಡುವ ಬಿರಟೆಯ ತುದಿಯಲ್ಲಿ ಒಂದು ಆಯಸ್ಕಾಂತ ಇರುತ್ತದೆ. ಒಳಗೆ ಏನಾದರೂ ಸವೆಯುತ್ತಿದ್ದರೆ ಅದರ ಪುಡಿ ಬಂದು ಇದಕ್ಕೆ ಅಂಟುತ್ತದೆ. ಪ್ರತಿ ಸಲ ಕಾರು ಓಡಿ ಬಂದಾಗಲೂ ಆ ಆಯಸ್ಕಾಂತವನ್ನು ಒಂದು ಬಿಳಿ ಬಟ್ಟೆಗೆ ಒರೆಸಿ, ಆ ಬಟ್ಟೆಯನ್ನು ಗ್ಯಾರೇಜಿನ ಹಿಂಬದಿಯ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಬೇಕು, ಎಲ್ಲರ ಕಣ್ಣಿಗೂ ಬೀಳುವ ಹಾಗೆ. ಬೇರೆ ತಂಡದವರು ಆ ಹಗ್ಗ ನೋಡಿ, ಇವರ ಮನೆಯಲ್ಲಿ ಕೂಸು ಹುಟ್ಟಿದೆಯಾ ಎಂದು ಕಿಚಾಯಿಸುತ್ತಿದ್ದರು. ಚಿಕ್ಕಮ್ಮ ಸೊಪ್ಪು ಹಾಕುತ್ತಿರಲಿಲ್ಲ. ಬೂದು ಕಲೆ ಬಿದ್ದರೆ ಕ್ಷೇಮ, ಮಿಂಚು ಕಂಡರೆ ಗಂಡಾಂತರ. ಅತ್ತೆಯ ಬಟ್ಟೆಗಳಲ್ಲಿ ಅಲ್ಲಿಯ ತನಕ ಒಂದೇ ಒಂದು ಮಿಂಚೂ ಕಂಡಿರಲಿಲ್ಲ.

ಕೊನೆಯಿಂದ ಎರಡನೆಯ ಓಟದ ಆ ಶುಕ್ರವಾರ ಟಿವಿಯವರು ಬೇರೆ ಬಂದಿದ್ದರು. ಮುಖ್ಯ ಮೆಕ್ಯಾನಿಕ್ ಬೋಲ್ಟಣ್ಣ ಗ್ಯಾರೇಜನ್ನು ಮದುವೆ ಮನೆಯ ಹಾಗೆ ತೊಳೆದು ಬೆಳಗಿಟ್ಟಿದ್ದ. ಜೇಬಿನಲ್ಲಿ ಯಾವಾಗಲೂ ನಾಲ್ಕು ಬೋಲ್ಟು ಕುಲುಕಿಸುತ್ತ ಓಡಾಡುವ, ನಕ್ಕರೆ ಭುಜವೆಲ್ಲ ಅಲುಗುವ ಮನುಷ್ಯ ಅವನು. ಚಿಕ್ಕಮ್ಮನಿಗೆ ಕೊಳೆ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ, ಹಿಂದಿನ ಓಟದಲ್ಲಿ ಅವನು ಅದೇ ವಿಷಯಕ್ಕೆ ಸರಿಯಾಗಿ ಬೈಸಿಕೊಂಡಿದ್ದ. ಈ ಸಲ ಸ್ಪ್ಯಾನರುಗಳ ಮೇಲೆ ಮುಖ ನೋಡಿಕೊಳ್ಳಬಹುದಿತ್ತು. ಎಣ್ಣೆ ಟ್ಯಾಂಕಿನ ಕುತ್ತಿಗೆ ಕೂಡ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಅಭ್ಯಾಸದ ಓಟ ಮುಗಿಯಿತು. ಬೋಲ್ಟಣ್ಣ ಬಿರಟೆ ಬಿಚ್ಚಿ ಬಟ್ಟೆಗೆ ಒರೆಸಿದ. ಒರೆಸಿದವನು ಹಗ್ಗದ ಕಡೆ ಹೋಗಲಿಲ್ಲ, ಚಿಕ್ಕಮ್ಮನ ಕಡೆ ಬಂದ.

“ಚಿಕ್ಕಮ್ಮ, ಇದನ್ನ ಸ್ವಲ್ಪ ನೋಡಿ.”

ಬೂದು ಕಲೆಯ ನಡುವೆ ಮಿಂಚಿತ್ತು. ಬೆರಳಿನಿಂದ ಉಜ್ಜಿದರೆ ಅಂಟುವಷ್ಟು ಸಣ್ಣ ಪುಡಿ. ಅವಳು ಮಸೂರ ಹಿಡಿದು ನೋಡಿದಳು, ಬೆಳಕಿಗೆ ತಿರುಗಿಸಿದಳು. ಎಣ್ಣೆ ಪಂಪಿನ ಹಲ್ಲುಗಳ ನಡುವೆ ಅರೆದು ಹಿಟ್ಟಾಗಿದ್ದ ಆ ಪುಡಿ ಎಲ್ಲಿಂದ ಉದುರಿದ್ದು ಎಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಬೇರಿಂಗ್ ಸವೆಯುತ್ತಿದ್ದರೂ ಹೀಗೇ ಇರುತ್ತದೆ, ಬೇರೇನಾದರೂ ಆದರೂ ಹೀಗೇ ಇರುತ್ತದೆ. ಸರಿಯಾಗಿ ಪರೀಕ್ಷೆ ಮಾಡಿಸಬೇಕೆಂದರೆ ಊರಿನ ಪ್ರಯೋಗಾಲಯಕ್ಕೆ ಹೋಗಬೇಕು, ಅಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಅವಳು ಬಟ್ಟೆಯನ್ನು ತಾನೇ ಹಗ್ಗಕ್ಕೆ ತೂಗಿದಳು.

ಲಾರಿಯ ಹಿಂಬದಿಯ ಕಿರುಕೋಣೆಯಲ್ಲಿ ಯಜಮಾನರು, ಚಿಕ್ಕಮ್ಮ, ಪುಟ್ಟ ಸೇರಿ ನಾಲ್ವರು ಕೂತರು. ಕಾಗದದ ಲೋಟಗಳಲ್ಲಿ ಕಾಫಿ ಆರುತ್ತಿತ್ತು. ತಂಡದಲ್ಲಿ ತಂತ್ರ ಹೂಡುವ ಕೆಲಸದವನನ್ನು ಎಲ್ಲರೂ ಲೆಕ್ಕದವನು ಎನ್ನುತ್ತಿದ್ದರು. ಅವನು ಕಂಪ್ಯೂಟರ್ ಪರದೆಯನ್ನು ಯಜಮಾನರ ಕಡೆ ತಿರುಗಿಸಿದ.

“ನೂರಕ್ಕೆ ಎಪ್ಪತ್ತು ಪಾಲು ಅತ್ತೆ ಎರಡು ಓಟಾನೂ ತಡ್ಕೋತಾಳೆ. ಪುಟ್ಟ ಒಂದರಲ್ಲಿ ಹಳದಿಯವನ ಬೆನ್ನಿಗೇ ಬಂದು, ಇನ್ನೊಂದರಲ್ಲಿ ಅವನಿಗಿಂತ ಮುಂದೆ ಬಂದ್ರೆ ಸಾಕು, ಪಟ್ಟ ನಮ್ದೇ. ಹೊಸ ಇಂಜಿನ್ ಹಾಕಿದ್ರೆ ಇಲ್ಲಿ ಕೊನೇಲಿ ನಿಲ್ಲಬೇಕು, ಇರೋ ಮುನ್ನಡೆ ಇಲ್ಲೇ ಕರಗಿ ಹೋಗುತ್ತೆ.”

“ಉಳಿದ ಮೂವತ್ತರಲ್ಲಿ?” ಎಂದಳು ಚಿಕ್ಕಮ್ಮ.

“ಕೈ ಕೊಡ್ತಾಳೆ.”

“ಎಲ್ಲಿ ಕೈ ಕೊಡ್ತಾಳೆ ಅಂತ ನಿನ್ನ ಪರದೆ ಹೇಳುತ್ತಾ? ಇವನು ಕಾಲು ಪೂರ್ತಿ ಒತ್ತಿರ್ತಾನೆ, ಬೇರಿಂಗ್ ಕಿತ್ಕೊಂಡು ಬರುತ್ತೆ, ಎಣ್ಣೆ ಹಿಂದಿನ ಟೈರಿಗೆ ಬೀಳುತ್ತೆ. ಆಮೇಲೆ ಮುನ್ನಡೆ ತಗೊಂಡು ಉಪ್ಪಿನಕಾಯಿ ಹಾಕೋಣ.”

ಅವಳು ಮುಂದುವರಿಸಿದಳು. ಈ ಟ್ರ್ಯಾಕು ಅಗಲ, ಹಿಂದಿನಿಂದ ಹೊರಟರೂ ಒಬ್ಬೊಬ್ಬರನ್ನೇ ದಾಟಿ ಮೇಲೆ ಬರಬಹುದು. ಕೊನೆಯ ಓಟ ನಡೆಯುವುದು ಊರ ನಡುವಿನ ಇಕ್ಕಟ್ಟಾದ ರಸ್ತೆಗಳಲ್ಲಿ, ಅಲ್ಲಿ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ದಂಡ ತೆರುವುದೇ ಆದರೆ ಇಲ್ಲೇ ತೆತ್ತುಬಿಡಬೇಕು. ಮಾತು ನೇರವಾಗಿಯೇ ಇತ್ತು, ಆದರೆ ಅದನ್ನು ಹೇಳುವಾಗ ಅವಳ ಧ್ವನಿ ಒಂದು ಕಡೆ ಸಣ್ಣಗೆ ನಡುಗಿತು. ಪುಟ್ಟನಿಗೆ ಅಷ್ಟು ಸಾಕಾಗಿತ್ತು.

“ಒಂದು ಕೇಳ್ತೀನಿ,” ಎಂದ. ಹುಟ್ಟಿದಾಗಿನಿಂದ ಅವಳು ನೋಡಿದ ಮುಖ, ಈಗ ಕೆಂಪಾಗಿತ್ತು. “ಈಗ ಮಾತಾಡ್ತಿರೋದು ಯಾರು? ಇಂಜಿನಿಯರಾ, ನನ್ನ ಚಿಕ್ಕಮ್ಮನಾ?”

ಅವಳು ತನ್ನೊಳಗೆ ಪ್ರಾಮಾಣಿಕವಾಗಿ ಹುಡುಕಿದಳು. ಬೇರೆಯವರ ಮಗ ಆ ಕಾರಿನಲ್ಲಿ ಕೂತಿದ್ದರೆ ಇದೇ ಮಾತು ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಅನ್ನಿಸಿತು. ಮರುಕ್ಷಣವೇ ಹೇಳುತ್ತಿರಲಿಲ್ಲ ಅನ್ನಿಸಿತು.

“ಗೊತ್ತಿಲ್ಲ ಕಣೋ. ಆದ್ರೆ ಅತ್ತೆನ ಇಳಿಸ್ಬೇಕು.”

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಂಜಿನ್ ವಿಷಯದಲ್ಲಿ ಕೊನೇ ಮಾತು ನಿಮ್ದು ಅಂತ ನಾನೇ ಹೇಳಿದ್ದು. ಗೆಲ್ಲೋವಾಗೆಲ್ಲ ಅದಕ್ಕೆ ಹೂಂ ಅಂದು, ಈಗ ಬೇಡ ಅನ್ನೋಕೆ ನನಗೆ ಮುಖ ಇಲ್ಲ. ಇಳಿಸಿ.”

ಪುಟ್ಟ ಎದ್ದು ಹೋದ. ಹೋಗುವಾಗ ಬಾಗಿಲನ್ನು ಎಳೆದ ರಭಸಕ್ಕೆ ಕಾಫಿ ಚೆಲ್ಲಿತು.

ಭಾನುವಾರ ಅವನು ಎಲ್ಲರ ಹಿಂದಿನಿಂದ ಹೊರಟು, ಕಂಡಕಂಡವರನ್ನು ದಾಟಿ, ಐದನೆಯವನಾಗಿ ಬಂದ. ಬೇರೆ ಯಾವ ದಿನವಾದರೂ ಅದನ್ನು ಸಾಹಸ ಎನ್ನುತ್ತಿದ್ದರು. ಆದರೆ ಹಳದಿ ಕಾರಿನವನು ಮೊದಲನೆಯವನಾಗಿ ಬಂದ. ಹನ್ನೊಂದು ಅಂಕಗಳ ಮುನ್ನಡೆ ಹೋಗಿ ನಾಲ್ಕು ಅಂಕಗಳ ಹಿನ್ನಡೆಯಾಯಿತು. ಇನ್ನುಳಿದದ್ದು ಒಂದೇ ಓಟ. ಅದರಲ್ಲಿ ಪುಟ್ಟ ಗೆಲ್ಲಲೇಬೇಕು, ಎರಡನೆಯವನಾದರೆ ನಡೆಯುವುದಿಲ್ಲ.

ಸಂಜೆ ಚಿಕ್ಕಮ್ಮ ಎಂದಿನಂತೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮಗನ ಒಂದು ಓಟವನ್ನೂ ನೋಡಿದವಳಲ್ಲ. ಓಟ ಶುರುವಾಗುವ ಹೊತ್ತಿಗೆ ಮನೆಯ ಅಷ್ಟೂ ಕಿಟಕಿಗಳ ಪರದೆ ಇಳಿಸಿ ಬಚ್ಚಲಿಗೆ ಒಯ್ದು, ಕೈಯಲ್ಲೇ ತಿಕ್ಕಿ ತಿಕ್ಕಿ ಒಗೆಯುತ್ತ ಕೂರುತ್ತಾಳೆ. ಮನೆಯಲ್ಲಿ ಒಗೆಯುವ ಯಂತ್ರ ಇದೆ, ಅದರ ಮಾತು ಎತ್ತುವ ಧೈರ್ಯ ಯಾರಿಗೂ ಇಲ್ಲ. ಆ ಪರದೆಗಳ ಬಣ್ಣ ಏನಾಗಿತ್ತು ಎಂದು ಮನೆಯವರಿಗೇ ಈಗ ನೆನಪಿಲ್ಲ. ಫೋನಿನಲ್ಲಿ ಅವಳು ಕೇಳುವುದೂ ಒಂದೇ ಪ್ರಶ್ನೆ.

“ಇಳಿದ್ನಾ?”

“ಇಳಿದ ಅಕ್ಕ. ಐದನೇವ್ನು. ಪಟ್ಟ ಇನ್ನು ಕಷ್ಟ. ನಾನೇ ಇಂಜಿನ್…”

“ಕಾರಿಂದ ಇಳಿದು ತನ್ನ ಕಾಲ ಮೇಲೆ ನಡ್ಕೊಂಡು ಹೋದ್ನಲ್ಲ, ಸಾಕು ಬಿಡು,” ಎಂದು ಅಕ್ಕ ಫೋನ್ ಇಟ್ಟಳು.

ಆಮೇಲಿನ ಎರಡು ವಾರ ಪುಟ್ಟ ಮುಖ ಊದಿಸಿಕೊಂಡೇ ಇದ್ದ. ಕೆಲಸದ ಮಾತಿಗೂ ಬೋಲ್ಟಣ್ಣನೇ ನಡುವೆ ಬೇಕು. “ಅವರಿಗೆ ಹೇಳು, ಎರಡನೇ ಗೇರಲ್ಲಿ ಸ್ವಲ್ಪ ಎಳೀತಿದೆ ಅಂತ,” ಎಂದು ಮೂರು ಅಡಿ ದೂರದಲ್ಲಿ ನಿಂತ ಅವಳ ಬಗ್ಗೆ ಹೇಳುತ್ತಿದ್ದ. “ಅವನಿಗೆ ಹೇಳು, ನನಗೆ ಕಿವಿ ಕೇಳುತ್ತೆ ಅಂತ,” ಎಂದು ಅವಳೂ ಹೇಳುತ್ತಿದ್ದಳು. ಪಾಪ, ಬೋಲ್ಟಣ್ಣ ಇಬ್ಬರಿಗೂ ತಲೆಯಾಡಿಸಿ ಆಡಿಸಿ ಸುಸ್ತಾದ. ಪತ್ರಿಕೆಯವರು ಕೈಗೆ ಬಂದ ತುತ್ತನ್ನು ತಂಡ ತಾನೇ ಚೆಲ್ಲಿಕೊಂಡಿತು ಎಂದು ಬರೆದರು. ಓದಬಾರದೆಂದುಕೊಂಡು ಅವಳು ಎಲ್ಲವನ್ನೂ ಓದಿದಳು.

ಕೊನೆಯ ಓಟದ ದಿನ ಬಂತು. ಇಕ್ಕಟ್ಟಾದ ರಸ್ತೆ, ಎರಡೂ ಬದಿ ಗೋಡೆ, ದಾಟುವುದಕ್ಕೆ ಇದ್ದದ್ದು ಕಡಲ ಪಕ್ಕದ ನೇರ ದಾರಿ ಒಂದೇ. ಹಳದಿ ಕಾರು ಮೊದಲು ಹೊರಟಿತು, ಅದರ ಬೆನ್ನಿಗೇ ಪುಟ್ಟ. ಸುತ್ತಿನ ಮೇಲೆ ಸುತ್ತು ಹೀಗೇ ಹೋಯಿತು. ಆದರೆ ಅರ್ಧ ಓಟ ಕಳೆಯುವ ಹೊತ್ತಿಗೆ ಲೆಕ್ಕದವನು ಪರದೆಯ ಹತ್ತಿರಕ್ಕೆ ಮೂಗು ತಂದ.

“ಚಿಕ್ಕಮ್ಮ, ಹಳದಿಯವನು ನೇರ ದಾರೀಲಿ ಪೂರ್ತಿ ಒತ್ತುತ್ತಿಲ್ಲ. ಅವನದೂ ವರ್ಷವೆಲ್ಲ ದುಡಿದ ಇಂಜಿನ್ನಲ್ವಾ? ಮುದುಕೀನ ಕೈ ಹಿಡಿದು ನಡೆಸೋ ಹಾಗೆ ನಡೆಸ್ತಿದಾರೆ.”

ಅವಳು ರೇಡಿಯೋ ಎತ್ತಿಕೊಂಡಳು. ಎರಡು ವಾರದ ಮೇಲೆ ಮೊದಲ ಸಲ ನೇರವಾಗಿ ಅವನ ಜೊತೆ ಮಾತಾಡಿದಳು. “ಪುಟ್ಟ, ಸೊಸೆ ಗಟ್ಟಿಯಾಗಿದಾಳೆ. ಎಷ್ಟು ಬೇಕೋ ಅಷ್ಟು ಒತ್ತು. ಏನೂ ಆಗಲ್ಲ, ನಾನು ಹೇಳ್ತಿದೀನಿ.”

ಕೊನೆಯ ಹಂತದಲ್ಲಿ, ಕಡಲ ಪಕ್ಕದ ನೇರ ದಾರಿಯಲ್ಲಿ, ಪುಟ್ಟ ಹಳದಿ ಕಾರಿನ ಹಿಂದಿನಿಂದ ಹೊರಬಂದು ಪಕ್ಕಕ್ಕೆ ಬಂದ, ಪಕ್ಕದಿಂದ ಮುಂದಕ್ಕೆ ಹೋದ. ಮತ್ತೆ ಹಿಂತಿರುಗಿ ನೋಡಲಿಲ್ಲ. ಗೆರೆ ದಾಟಿದಾಗ ರೇಡಿಯೋದಲ್ಲಿ ಬಂದದ್ದು ಮಾತಲ್ಲ, ಅರಚಾಟ. “ಚಿಕ್ಕಮ್ಮಾ! ಸೊಸೆ ಕಣೇ! ಸೊಸೆ!” ಬೋಲ್ಟಣ್ಣ ಜೇಬಿನ ಬೋಲ್ಟುಗಳನ್ನೆಲ್ಲ ಗಾಳಿಗೆ ತೂರಿದ. ಯಜಮಾನರು ಯಾರದೋ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಮೂರು ಅಂಕಗಳ ಅಂತರದಲ್ಲಿ ಪುಟ್ಟ ವರ್ಷದ ಚಾಂಪಿಯನ್ ಆದ.

ಪತ್ರಿಕೆಯವರ ರಾಗ ಬದಲಾಯಿತು. ಚೆಲ್ಲಿದ ತುತ್ತು ಈಗ ದೂರದೃಷ್ಟಿಯಾಯಿತು. ಚಿಕ್ಕಮ್ಮನ ಫೋಟೋ ಹಾಕಿ ಹೊಗಳಿ ಅಟ್ಟಕ್ಕೇರಿಸಿದರು. ಅವಳಿಗೆ ಮಾತ್ರ ಆ ಹೊಗಳಿಕೆ ಒಂದೊಂದೂ ಚುಚ್ಚುತ್ತಿತ್ತು. ಯಾಕೆಂದರೆ ಅತ್ತೆ ಇನ್ನೂ ಮೊಹರಿನೊಳಗೇ ಇದ್ದಳು.

ವರ್ಷ ಮುಗಿದ ಮೇಲೆ ಮೊಹರು ಒಡೆಯಲು ಅಡ್ಡಿಯಿಲ್ಲ. ಕಾರ್ಖಾನೆಯ ಸ್ಟ್ಯಾಂಡಿನ ಮೇಲೆ ಅತ್ತೆ ಬಟ್ಟೆ ಹೊದ್ದು ಕೂತಿದ್ದಳು. ಬೋಲ್ಟಣ್ಣ ದಿನಾ ಕೇಳುತ್ತಿದ್ದ, ಚಿಕ್ಕಮ್ಮ ದಿನಾ ನಾಳೆ ಎನ್ನುತ್ತಿದ್ದಳು. ಒಳಗೆ ಸವೆದ ಬೇರಿಂಗ್ ಸಿಕ್ಕರೆ ತಾನು ಇಂಜಿನಿಯರ್. ಏನೂ ಸಿಗದಿದ್ದರೆ, ಬರೀ ಹೆದರಿಕೆಗೆ ಇಷ್ಟು ಜನರ ಒಂದು ವರ್ಷದ ದುಡಿಮೆಯನ್ನು ನೀರಿಗೆ ಹಾಕಲು ಹೊರಟಿದ್ದ ಹೆಂಗಸು, ಅದೃಷ್ಟ ಚೆನ್ನಾಗಿದ್ದದ್ದರಿಂದ ಬಚಾವಾದವಳು. ದೇವರೇ, ಒಂದು ಸಣ್ಣ ಬಿರುಕಾದರೂ ಇರಲಿ ಎಂದು ಅವಳು ಬೇಡಿಕೊಂಡಳು. ಇಂಜಿನ್ ಹಾಳಾಗಿರಲಿ ಎಂದು ಬೇಡಿಕೊಳ್ಳುವ ಇಂಜಿನಿಯರ್ ಲೋಕದಲ್ಲಿ ಇವಳೊಬ್ಬಳೇ ಇದ್ದಿರಬೇಕು.

ಕೊನೆಗೆ ಒಂದು ಬೆಳಗ್ಗೆ ಯಾರೂ ಕೇಳದಿದ್ದರೂ ತಾನೇ ಕತ್ತರಿ ತಂದು ಮೊಹರಿನ ತಂತಿಯನ್ನು ಕತ್ತರಿಸಿದಳು. ಬೋಲ್ಟಣ್ಣ ಕೈ ಜೋಡಿಸಿದ. ಲೆಕ್ಕದವನು ಬಂದು ನಿಂತ. ಪುಟ್ಟ ಒಂದು ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಬೇರಿಂಗ್‌ಗಳು ಒಂದೊಂದಾಗಿ ಹೊರಬಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂತವು. ಚಿಕ್ಕಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದಳು, ಉಗುರಿನಿಂದ ಸವರಿದಳು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಅತ್ತೆ ಇನ್ನೂ ನಾಲ್ಕು ಓಟ ಓಡಿಸಿದರೂ ಗೊಣಗಿಕೊಂಡೇ ಓಡುತ್ತಿದ್ದಳು.

“ಹಾಗಾದ್ರೆ ಆ ಮಿಂಚು?” ಎಂದ ಲೆಕ್ಕದವನು.

ಉತ್ತರ ಎಣ್ಣೆಯ ಜರಡಿಯ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಪಂಪಿನ ಹಲ್ಲಿಗೆ ಸಿಗದೆ ಉಳಿದ ಎರಡು ಸಣ್ಣ ಉಕ್ಕಿನ ಎಳೆಗಳು, ಕೂದಲಿನಷ್ಟು ತೆಳ್ಳಗೆ, ತುದಿ ಬಾಗಿದವು. ಚಿಕ್ಕಮ್ಮ ಅವನ್ನು ಚಿಮಟದಲ್ಲಿ ಎತ್ತಿ ಹಿಡಿದು ನೋಡಿದಳು. ಆಮೇಲೆ ನಿಧಾನಕ್ಕೆ ಬೋಲ್ಟಣ್ಣನ ಕಡೆ ತಿರುಗಿದಳು. ಅವನ ಮುಖ ಆಗಲೇ ಬಿಳಿಚಿಕೊಂಡಿತ್ತು.

“ತಂತಿ ಬ್ರಶ್ಶು,” ಎಂದ ಅವನು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು. “ಟಿವಿಯವರು ಬರ್ತಾರೆ ಅಂತ… ಟ್ಯಾಂಕಿನ ಕುತ್ತಿಗೆ ಗಲೀಜಾಗಿದೆ ಅಂತ ಹಿಂದಿನ ಸಲ ನೀವು ಬೈದಿದ್ರಲ್ಲ ಚಿಕ್ಕಮ್ಮ. ಅದಕ್ಕೇ ಚೆನ್ನಾಗಿ ಉಜ್ಜಿದೆ. ಮುಚ್ಚಳ ತೆಗೆದು ಉಜ್ಜಿದೆ. ಅದರ ಎಳೆ ಒಳಗೆ ಬಿದ್ದಿರುತ್ತೆ ಅಂತ ನನಗೆ ಹೊಳೀಲೇ ಇಲ್ಲ.”

ಎಲ್ಲರೂ ಅವಳ ಮುಖ ನೋಡಿದರು. ಸಿಡಿಲು ಯಾವ ಕಡೆ ಬೀಳುತ್ತದೋ ಎಂದು ಲೆಕ್ಕದವನು ಒಂದು ಹೆಜ್ಜೆ ಹಿಂದೆ ಸರಿದ. ಚಿಕ್ಕಮ್ಮ ಕೂಡ ತನ್ನೊಳಗೆ ಅದಕ್ಕೇ ಕಾದಳು. ಇಷ್ಟು ದಿನ ಹೆದರಿದ್ದು ಇದಕ್ಕೇ ತಾನೆ. ಈಗ ನಾಚಿಕೆ ಬರುತ್ತದೆ, ಕೋಪ ಬರುತ್ತದೆ, ತಲೆ ತಗ್ಗಿಸಬೇಕಾಗುತ್ತದೆ.

ಒಂದೂ ಬರಲಿಲ್ಲ. ಬದಲಿಗೆ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ಸಾಲಾಗಿ ಹೊಳೆಯುತ್ತಿದ್ದ ಆ ಬೇರಿಂಗ್‌ಗಳನ್ನು ನೋಡಿದಷ್ಟೂ ಅವಳಿಗೆ ಒಂದೇ ಸಂಗತಿ ತಿಳಿಯುತ್ತಿತ್ತು. ಆ ಶುಕ್ರವಾರ ಮಾತ್ರವಲ್ಲ, ಅದಕ್ಕೆ ಮುಂಚೆ ಪುಟ್ಟ ಗೆದ್ದ ಪ್ರತಿಯೊಂದು ಓಟದಲ್ಲೂ, ಮಳೆಯಲ್ಲಿ, ಕತ್ತಲು ಕವಿದ ತಿರುವುಗಳಲ್ಲಿ, ಕಾಲು ಪೂರ್ತಿ ಒತ್ತಿದ ಪ್ರತಿ ಹೊತ್ತಿನಲ್ಲೂ, ಹುಡುಗನ ಬೆನ್ನ ಹಿಂದೆ ಇದ್ದದ್ದು ಗಟ್ಟಿಮುಟ್ಟಾದ ಇಂಜಿನ್. ತಾನು ಕೈಯಾರೆ ಕಟ್ಟಿ ಕೊಟ್ಟದ್ದು ಒಂದು ಕ್ಷಣವೂ ಅವನಿಗೆ ಕೇಡು ಬಗೆದಿರಲಿಲ್ಲ. ಮಿಂಚು ಕಂಡ ದಿನದಿಂದ ನಿದ್ದೆಯಲ್ಲೂ ಅವಳು ಹಿಂದಕ್ಕೆ ಎಣಿಸುತ್ತ ಇದ್ದದ್ದು ಅದನ್ನೇ: ಯಾವಾಗಿಂದ ಸವೆಯುತ್ತಿತ್ತೋ, ಎಷ್ಟು ಸಲ ಕೂದಲೆಳೆಯಲ್ಲಿ ತಪ್ಪಿತ್ತೋ ಎಂದು. ಒಂದು ಸಲವೂ ಇಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು, ಎಣ್ಣೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಗತೊಡಗಿದಳು.

ಪುಟ್ಟ ಡಬ್ಬಿಯಿಂದ ಎದ್ದು ಬಂದು ಪಕ್ಕದಲ್ಲಿ ಕೂತ. “ಯಾಕೆ? ತಪ್ಪಾಯ್ತು ಅಂತಾನಾ?”

“ಅಲ್ವೋ. ಚೆನ್ನಾಗಿತ್ತಲ್ಲ ಅಂತ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳ ಮುಖದ ಮೇಲಿನ ಎಣ್ಣೆಯ ಬರೆಗಳನ್ನು ನೋಡಿ ನಕ್ಕ. “ಹಾಗಾದ್ರೆ ಅವತ್ತು ಲಾರೀಲಿ ಮಾತಾಡಿದ್ದು…”

“ಚಿಕ್ಕಮ್ಮನೇ ಕಣೋ. ಇಂಜಿನಿಯರ್ ಬಾಯಿ ಬಿಟ್ಟೇ ಇರ್ಲಿಲ್ಲ.”

“ಅದನ್ನ ಅವತ್ತೇ ಹೇಳೋದಲ್ವಾ? ಇಂಜಿನಿಯರ್ ಜೊತೆ ಜಗಳ ಆಡಬಹುದು. ಚಿಕ್ಕಮ್ಮನ ಜೊತೆ ಆಡಿ ಯಾರು ಗೆದ್ದಿದಾರೆ?”

ಲೆಕ್ಕದವನಿಗೆ ತಡೆಯಲಾಗಲಿಲ್ಲ. “ಅತ್ತೇನೇ ಇಟ್ಕೊಂಡಿದ್ರೆ ಪಟ್ಟ ಇನ್ನೂ ಸುಲಭವಾಗಿ ಬರ್ತಿತ್ತು ಅಂತ ನನ್ನ ಲೆಕ್ಕ…”

“ನಿನ್ನ ಲೆಕ್ಕ ನಿನ್ನ ಹತ್ರಾನೇ ಇರ್ಲಿ,” ಎಂದು ಉಳಿದ ಮೂವರೂ ಒಟ್ಟಿಗೆ ಹೇಳಿದರು. ಬೋಲ್ಟಣ್ಣ ಕೂಡ ಹೇಳಿದ. ಹೇಳಿ, ತಾನು ಈಗ ಬಾಯಿ ತೆರೆಯಬಹುದೋ ಇಲ್ಲವೋ ಎಂದು ಚಿಕ್ಕಮ್ಮನ ಕಡೆ ನೋಡಿದ. ಅವಳು ಅವನ ಕೈಯಿಂದ ತಂತಿ ಬ್ರಶ್ ತರಿಸಿಕೊಂಡು ಕಸದ ಡಬ್ಬಿಗೆ ಹಾಕಿದಳು. “ಇನ್ಮೇಲೆ ಗಲೀಜಿದ್ರೆ ಇರ್ಲಿ, ಬೈಯಲ್ಲ,” ಎಂದಳು. ಅವಳ ಮಾತನ್ನು ಅವಳೂ ನಂಬಲಿಲ್ಲ.

ಕೈ ತೊಳೆದುಕೊಂಡು ಅವಳು ಅಕ್ಕನಿಗೆ ಫೋನ್ ಮಾಡಿದಳು. ಓಟವಿಲ್ಲದ ದಿನ ತಂಗಿಯ ಫೋನ್ ಬಂದದ್ದಕ್ಕೆ ಅಕ್ಕ ಗಾಬರಿಯಾದಳು.

“ಏನಾಯ್ತೇ? ಇಳಿದ್ನಾ?”

“ಅವನು ಹತ್ತೇ ಇಲ್ಲ ಅಕ್ಕ, ಇಲ್ಲೇ ಪಕ್ಕದಲ್ಲಿ ಕಾಫಿ ಕುಡೀತಿದಾನೆ. ಆ ಹಳೇ ಇಂಜಿನ್ ಬಿಚ್ಚಿದ್ವಿ.” ಅವಳು ಎಲ್ಲವನ್ನೂ ಹೇಳಿದಳು. ಮಿಂಚು, ಬ್ರಶ್ಶು, ತಾನು ಹೆದರಿದ್ದು, ಹೆದರಿದ್ದಕ್ಕೆ ಕಾರಣವೇ ಇಲ್ಲದ್ದು.

ಅಕ್ಕ ಮತ್ತೊಮ್ಮೆ ಕೇಳಿದಳು. “ಅಂದ್ರೆ ಅದು ಚೆನ್ನಾಗೇ ಇತ್ತಾ? ಅಷ್ಟು ದಿನಾನೂ?”

“ಒಂದು ಗೀರೂ ಇಲ್ಲ ಅಕ್ಕ.”

ಫೋನಿನಲ್ಲಿ ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು. ವರ್ಷವಿಡೀ ಕಟ್ಟಿಟ್ಟುಕೊಂಡಿದ್ದು ಒಟ್ಟಿಗೇ ಹೊರಬಂದಂತೆ. ಆಮೇಲೆ ಅಕ್ಕ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಧ್ವನಿಯಲ್ಲಿ ಹೇಳಿದಳು:

“ಹಾಗಾದ್ರೆ ನಾನು ಆ ಪರದೆಗಳನ್ನೆಲ್ಲ ಸುಮ್ಮನೆ ಒಗೆದೆ ಅನ್ನು.”